ಬೆಳಗ್ಗೆ ಎಲ್ಲರೂ ಓಡೋ ಮನೆಯಲ್ಲಿ ನಿತ್ಯಪೂಜೆ ತಪ್ಪದ ಹಾಗೆ ನಡೆಸೋದು ಹೇಗೆ?

ಮೂರುಬಾಗಿಲು (ಸೋಮವಾರ, ರಾತ್ರಿ 9.40)
ನಮಸ್ಕಾರ. ನೇರ ವಿಷಯಕ್ಕೆ ಬರ್ತೀನಿ. ಮನೆಯಲ್ಲಿ ಆರು ಜನ. 6.40ಕ್ಕೆ ಒಬ್ಬರು ಕಂಪನಿ ಬಸ್ಸಿಗೆ, 7.30ಕ್ಕೆ ಇಬ್ಬರು ಮಕ್ಕಳು ಸ್ಕೂಲ್ ವ್ಯಾನಿಗೆ, 9ಕ್ಕೆ ಇನ್ನೊಬ್ಬರು. ಹಿರಿಯರಿಬ್ಬರು ಮನೇಲೇ ಇರ್ತಾರೆ, ಆದರೆ ಮಂಡಿನೋವು, ಕೆಳಗೆ ಕೂರೋಕಾಗಲ್ಲ. ದೇವರ ಮನೆಯಲ್ಲಿ ಒಂದು ಸಾಲಿಗ್ರಾಮ, ನಾಲ್ಕು ವಿಗ್ರಹ, ಗೋಡೆ ತುಂಬ 27 ಫೋಟೋ. ಪೂರ್ತಿ ಪೂಜೆಗೆ 45 ನಿಮಿಷ ಬೇಕು. ಹಾಗಾಗಿ ವಾರದಲ್ಲಿ ಎರಡು ದಿನ ಚೆನ್ನಾಗಿ ಆಗುತ್ತೆ, ಎರಡು ದಿನ ಗಡಿಬಿಡಿ, ಮಿಕ್ಕ ಮೂರು ದಿನ ಬರೀ ದೀಪ. ಸಂಜೆ ಎಲ್ಲರೂ ಕೂತು ಹೇಳ್ತಿದ್ದ ಭಜನೆ ನಿಂತೇ ಹೋಗಿದೆ.
ಕಡಿಮೆ ಮಾಡಿದ್ರೆ ಎಲ್ಲಿ ಕಡಿಮೆ ಮಾಡಬೇಕು, ಯಾವುದನ್ನ ಮುಟ್ಟಬಾರದು? ಸಂಜೆ ದೀಪದ ಹೊತ್ತಿಗೆ ಮನೆಗೆ ಯಾರೂ ಬಂದಿರಲ್ಲ, ಅದಕ್ಕೇನು ದಾರಿ? "ಭಕ್ತಿ ಇದ್ರೆ ಟೈಮ್ ತಾನಾಗೇ ಸಿಗುತ್ತೆ" ಅನ್ನೋ ಉತ್ತರ ದಯವಿಟ್ಟು ಬೇಡ.

ಒಗ್ಗರಣೆ
27 ಫೋಟೋ! ದೇವರ ಮನೆಯೋ, ಮದುವೆ ಆಲ್ಬಮ್ಮೋ?

ಹರಿವಾಣ
ತಮಾಷೆ ಇರಲಿ, ಲೆಕ್ಕ ಅಲ್ಲೇ ಇದೆ. ಒಂದು ಫೋಟೋ ಒರೆಸಿ, ಗಂಧ-ಕುಂಕುಮ ಇಟ್ಟು, ಹೂ ಸಿಕ್ಕಿಸೋಕೆ ಅರ್ಧ ನಿಮಿಷ ಅಂದ್ರೂ 27ಕ್ಕೆ ಹದಿಮೂರೂವರೆ ನಿಮಿಷ. ಬತ್ತಿ ಹೊಸೆಯೋದು, ಬೆಂಕಿಪೊಟ್ಟಣ ಹುಡುಕೋದು, ನಿನ್ನೆಯ ಜಿಡ್ಡುದೀಪ ತೊಳೆಯೋದು, ಗಂಧ ತೇಯೋದು, ಇದಕ್ಕೆಲ್ಲ ಇನ್ನೊಂದು 15. ನಿಮ್ಮ 45ರಲ್ಲಿ 28 ನಿಮಿಷ ಬರೀ ತಯಾರಿಗೇ ಹೋಯ್ತು ನೋಡಿ. ಮಂತ್ರಕ್ಕೆ ಕತ್ತರಿ ಹಾಕೋ ಮೊದಲು ಇದಕ್ಕೆ ಹಾಕಿ.

ರಾತ್ರಿ ಊಟದ ಪಾತ್ರೆ ತೊಳೆದ ಮೇಲೆ 6-7 ನಿಮಿಷದ ಕೆಲಸ: ದೀಪದ ಎಣ್ಣೆ ಒರೆಸಿ ತೊಳೆದು ಬೋರಲು ಹಾಕೋದು, ಪಂಚಪಾತ್ರೆ, ಉದ್ಧರಣೆ (ಪೂಜೆಯ ನೀರಿನ ಪುಟ್ಟ ಚಮಚ), ನೈವೇದ್ಯದ ಬಟ್ಟಲು ಉಜ್ಜಿ ಒರೆಸಿ ಹರಿವಾಣದಲ್ಲಿ ಜೋಡಿಸೋದು, ಎರಡೆರಡು ಬತ್ತಿ ಸೇರಿಸಿ ಒಂದು ಪುಟ್ಟ ಬಟ್ಟಲಲ್ಲಿ ಎಣ್ಣೆಗೆ ಹಾಕಿಡೋದು, ಊದುಬತ್ತಿ, ಕರ್ಪೂರ, ಬೆಂಕಿಪೊಟ್ಟಣ ಅದೇ ಹರಿವಾಣಕ್ಕೆ. ನೀರು ಮಾತ್ರ ರಾತ್ರಿ ತುಂಬಿಡಬೇಡಿ, ಪೂಜೆಗೆ ಬೆಳಗಿನ ಹೊಸ ನೀರೇ ಆಗಬೇಕು.

ಬೆಳಗ್ಗೆ ನಿರ್ಮಾಲ್ಯ ತೆಗೆದು ಪೀಠ ಒರೆಸೋದು 2 ನಿಮಿಷ. ದೀಪ, ಆಚಮನ, ಸಂಕಲ್ಪ 1. ಅಭಿಷೇಕ ಸಾಲಿಗ್ರಾಮಕ್ಕೆ ಮಾತ್ರ, ಉದ್ಧರಣೆಯಲ್ಲಿ, 2. ಒರೆಸಿ ಗಂಧ, ತುಳಸಿ, ಹೂವು 2. ಧೂಪ, ದೀಪ, ನೈವೇದ್ಯ 2. ಮಂಗಳಾರತಿ, ಪ್ರದಕ್ಷಿಣೆ, ನಮಸ್ಕಾರ 2. ಒಟ್ಟು 11. ಅಭಿಷೇಕ ಬಿಟ್ಟರೆ ಉಳಿಯೋದು ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ, ಅಂದ್ರೆ ಪಂಚೋಪಚಾರ. ಇದು ಯಾರೋ ಸೋಮಾರಿಗಳು ಕಂಡುಹಿಡಿದಿದ್ದಲ್ಲ, ಪದ್ಧತಿಯಲ್ಲೇ ಇರೋದು. ಹದಿನಾರು ಉಪಚಾರದ ಪೂರ್ತಿ ಪೂಜೆ, ಅಂದ್ರೆ ಷೋಡಶೋಪಚಾರ, ಶನಿವಾರಕ್ಕೋ ಭಾನುವಾರಕ್ಕೋ ಇಟ್ಕೊಳ್ಳಿ.

ಫೋಟೋಗಳಿಗೆ ನಿತ್ಯ ಹೂ ಬೇಕಿಲ್ಲ. ಶುಕ್ರವಾರ ಒಂದು ಸಲ ಒರೆಸಿ ಕುಂಕುಮ ಇಟ್ಟರೆ ಸಾಕು.

ಸಾಣೆಕಲ್ಲು
ಹರಿವಾಣ ಅವರೇ, ಲೆಕ್ಕ ಸರಿ, ಆದರೆ ಎರಡು ತಿದ್ದುಪಡಿ. ಸಾಲಿಗ್ರಾಮಕ್ಕೂ ಬಾಣಲಿಂಗಕ್ಕೂ ಆವಾಹನೆ-ವಿಸರ್ಜನೆ (ದೇವರನ್ನ ಕರೆಯೋದು, ಕಳಿಸಿಕೊಡೋದು) ಇಲ್ಲ, ಸಾನ್ನಿಧ್ಯ ನಿತ್ಯ ಇರುತ್ತೆ ಅನ್ನೋದು ಸಂಪ್ರದಾಯ. ಪುಸ್ತಕ ಹಿಡಿದು ಆವಾಹನೆಯಿಂದ ಶುರು ಮಾಡೋರು ಅಷ್ಟು ಹೊತ್ತನ್ನ ಸುಮ್ಮನೆ ಕಳೀತಾರೆ. ಆದರೆ ಸಾಲಿಗ್ರಾಮ ಇರೋ ಮನೇಲಿ ನೀರು, ತುಳಸಿ, ನೈವೇದ್ಯ ಈ ಮೂರೂ ನಿತ್ಯ ನಡೀಬೇಕು, ಬರೀ ದೀಪ ಹಚ್ಚಿ ಹೊರಟ್ರೆ ಆಗಲ್ಲ. ಮೂಲ ಪ್ರಶ್ನೆಯ "ಯಾವುದನ್ನ ಮುಟ್ಟಬಾರದು" ಅನ್ನೋದಕ್ಕೆ ಇದೇ ಉತ್ತರ.

ಇನ್ನು ಗಂಧ. ಅದನ್ನ ರಾತ್ರಿ ತೇದಿಟ್ಟರೆ ಬೆಳಗ್ಗೆ ಮೇಲೆ ಒಣಗಿ ಬಿರುಕು, ಎರಡನೇ ದಿನಕ್ಕೆ ಹುಳಿವಾಸನೆ. ಕೊರಡಿನ ತುದಿಯನ್ನ ಎರಡು ನಿಮಿಷ ಮೊದಲೇ ನೀರಲ್ಲಿ ಅದ್ದಿಟ್ಟು, ಸಾಣೆಗೆ ನಾಲ್ಕೈದು ಹನಿ ನೀರು ಹಾಕಿ ಒಂದೇ ಕಡೆಗೆ ಸುತ್ತುತ್ತಾ ತೇದರೆ ಒಂದು ವಿಗ್ರಹಕ್ಕಾಗುವಷ್ಟು ಒಂದು ನಿಮಿಷದಲ್ಲಿ ಸಿಗುತ್ತೆ. ನೀರು ಜಾಸ್ತಿ ಆದ್ರೆ ಎಷ್ಟು ತೇದರೂ ತೆಳ್ಳಗೆ ಹರಿದುಹೋಗುತ್ತೆ, ತುಂಬ ಜನ ಎಡವೋದು ಇಲ್ಲೇ.

ಎರಡನೇಪಾಳಿ
ರಾತ್ರಿ ಪಾಳಿ ಮಾಡೋರಿಗೆ ಏನು ಗತಿ ಸ್ವಾಮಿ? ಬೆಳಗ್ಗೆ 7ಕ್ಕೆ ಮನೆಗೆ ಬಂದು, ಸ್ನಾನ ಮಾಡಿ ಮಲಗೋದೇ ದೊಡ್ಡದು.

ಸಾಣೆಕಲ್ಲು
@ಎರಡನೇಪಾಳಿ ಹೇಗೂ ಸ್ನಾನ ಮಾಡ್ತೀರಲ್ಲ, ಮಲಗೋ ಮೊದಲೇ ಪಂಚೋಪಚಾರ ಮುಗಿಸಿಬಿಡಿ. ಎದ್ದ ಮೇಲೆ ಅಂದ್ಕೊಂಡ್ರೆ ಸಂಜೆ ನಾಲ್ಕಾಗುತ್ತೆ. ಸಂಧ್ಯಾವಂದನೆ ಇರೋರಾದ್ರೆ ಕಾಲ ಮೀರಿದಾಗ ಮೂರು ಅರ್ಘ್ಯದ ಜೊತೆ ಪ್ರಾಯಶ್ಚಿತ್ತಾರ್ಘ್ಯ ಅಂತ ಇನ್ನೊಂದು ಕೊಡೋ ಕ್ರಮ ಇದೆ. ತಡವಾಯ್ತು ಅಂತ ಪೂರ್ತಿ ಬಿಡೋರು ಇದನ್ನ ಮರೀತಾರೆ. ಗಾಯತ್ರಿ 108 ಆಗದಿದ್ರೆ 28, ಅದೂ ಆಗದಿದ್ರೆ 10. ಹತ್ತಕ್ಕೆ ಒಂದು ನಿಮಿಷದ ಮೇಲೆ ಸ್ವಲ್ಪ ಹಿಡಿಯುತ್ತೆ, ಅಷ್ಟೇ.

ಅಕ್ಷತೆಕಾಳು
ಎಲ್ಲರೂ ನಿಮಿಷ ಎಣಿಸ್ತಿದ್ದೀರಿ, ಯಾರು ಮಾಡಬೇಕು ಅಂತ ಒಬ್ಬರೂ ಬರೀಲಿಲ್ಲ. ರಾತ್ರಿ ತೊಳೆಯೋದು, ಬೆಳಗ್ಗೆ ಜೋಡಿಸೋದು, ಜೊತೆಗೆ ತಿಂಡಿ, ಡಬ್ಬಿ, ಎಲ್ಲಾ ಒಬ್ಬಳದೇ ಆದ್ರೆ 11 ನಿಮಿಷ ಅಲ್ಲ, 5 ನಿಮಿಷದ ಪೂಜೆನೂ ನಡೆಯಲ್ಲ. ತಿಂಗಳ ಆ ಮೂರ್ನಾಲ್ಕು ದಿನ ದೂರ ಕೂರೋ ಪದ್ಧತಿ ಇರೋ ಮನೇಲಿ ದೇವರ ಮನೆ ಕದವೇ ಹಾಕಿಬಿಡ್ತಾರೆ. ಗಂಡಸರಿಗೆ ಬತ್ತಿ ಎಲ್ಲಿದೆ ಅಂತಲೂ ಗೊತ್ತಿರಲ್ಲ.
ಹಂಚಿ. ನಿರ್ಮಾಲ್ಯ ತೆಗೆದು ನೀರು ತರೋದು ಮೊದಲು ಸ್ನಾನ ಆದವರು. ಪೂಜೆ ಒಬ್ಬರು. ಮಂಗಳಾರತಿಗೆ ಗಂಟೆ ಮಕ್ಕಳದ್ದು. ರಾತ್ರಿಯ ತೊಳೆಯೋ ಕೆಲಸ ಬೆಳಗ್ಗೆ ಪೂಜೆ ಮಾಡದವರದ್ದು. ಮನೇಲಿ ಕಡೇ ಪಕ್ಷ ಇಬ್ಬರಿಗೆ ಪೂರ್ತಿ ಕ್ರಮ ಬರ್ಬೇಕು. ಒಬ್ಬರಿಗೇ ಬರೋದಾದ್ರೆ ಅವರಿಗೆ ಜ್ವರ ಬಂದ ದಿನ ಪೂಜೆನೂ ನಿಲ್ಲುತ್ತೆ.

ಗಡಿಬಿಡಿಗೃಹಸ್ಥ
ಬತ್ತಿ ಎಲ್ಲಿದೆ ಅಂತ ಗೊತ್ತು ಮೇಡಂ. ಬೆಂಕಿಪೊಟ್ಟಣ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ.

ಒಗ್ಗರಣೆ
ಗ್ಯಾಸ್ ಒಲೆ ಹತ್ತಿರ ಇರುತ್ತೆ. ಯಾವಾಗ್ಲೂ.

ಸಾಣೆಕಲ್ಲು
@ಅಕ್ಷತೆಕಾಳು ಹಂಚೋದಕ್ಕೆ ನನ್ನ ತಕರಾರಿಲ್ಲ. ಆದರೆ ಮಡಿ ಅಂತ ಒಂದಿದೆ. ನಾಲ್ಕು ಕೈ ಆಡಿದರೆ ಯಾರು ಏನು ಮುಟ್ಟಿದರು ಅನ್ನೋದೇ ಗೊಂದಲ.

ಅಕ್ಷತೆಕಾಳು
ಮಡಿಬಟ್ಟೆ ಬೇಕಾಗೋದು ಅಭಿಷೇಕ, ನೈವೇದ್ಯಕ್ಕೆ. ರಾತ್ರಿ ಹಿತ್ತಾಳೆ ದೀಪ ತಿಕ್ಕೋದಕ್ಕೆ ಮಡಿ ಯಾಕೆ ಬೇಕು? ತೊಳೆದಿಟ್ಟದ್ದರ ಮೇಲೆ ಬೆಳಗ್ಗೆ ಪೂಜೆ ಮಾಡೋರು ನೀರು ಹಾಕಿ ತಗೊಂಡ್ರೆ ಆಯ್ತು. ಮಡಿ ಹೆಸರಲ್ಲಿ ಕೆಲಸ ತಪ್ಪಿಸಿಕೊಳ್ಳೋದು ಮಾತ್ರ ಬಲು ಸುಲಭ, ಅದನ್ನೂ ಹೇಳಿಬಿಡಿ.

ಸಾಣೆಕಲ್ಲು
ಆ ಮಾತು ಒಪ್ಪಿದೆ.

ಕರಡಿಗೆ
ಇಷ್ಟಲಿಂಗ ಪೂಜಾ ಇರೋ ಮನ್ಯಾಗ ಈ ತ್ರಾಸ ಬ್ಯಾರೆ ಥರಾ ಇರ್ತದ ನೋಡ್ರಿ. ಪ್ರತಿಯೊಬ್ಬರದೂ ಅವರವರ ಕೊರಳಾಗ ಇರೋದರಿಂದ ಒಬ್ಬರಿಗೊಬ್ಬರು ಕಾಯೋ ಪ್ರಶ್ನೇನ ಇಲ್ಲ. ಸ್ನಾನ ಆತು, ವಿಭೂತಿ ಹಚ್ಚಿಕೊಂಡು, ಎಡಗೈ ಅಂಗೈಯೊಳಗ ಲಿಂಗ ಇಟ್ಟುಕೊಂಡು, ನೀರು, ವಿಭೂತಿ, ಪತ್ರಿ, ಆಮ್ಯಾಲ ದೃಷ್ಟಿ ನೆಟ್ಟು ಓಂ ನಮಃ ಶಿವಾಯ. 108 ಸಲ ಅಂದ್ರ ಐದಾರು ನಿಮಿಷ. ಎಲ್ಲಾ ಸೇರಿ ಹನ್ನೆರಡು ನಿಮಿಷದಾಗ ಮುಗೀತದ.
ಕುತ್ತು ಬರೋದು ಎಲ್ಲಿ ಅಂದ್ರ, ಅವಸರದಾಗ ಹಸಿ ಲಿಂಗವಸ್ತ್ರದಾಗ ಸುತ್ತಿ ಕರಡಿಗಿಯೊಳಗ (ಲಿಂಗ ಇಡೋ ಪುಟ್ಟ ಡಬ್ಬಿ) ಇಡ್ತಾರ, ಅದನ್ನ ಕಟ್ಟೋ ಹಸಿ ಶಿವದಾರ ಹಂಗ ಕೊರಳಿಗೆ ಹಾಕ್ತಾರ. ವಾಸನಿ ಹಿಡೀತದ, ಕೊರಳು ಕಡೀತದ, ಆಮ್ಯಾಲ ಕರಡಿಗಿ ತಗದು ಗೂಟಕ್ಕ ಹಾಕೋದು, ಅಲ್ಲಿಂದ ಪೂಜಾನೂ ಬಂದ್. ಎರಡು ವಸ್ತ್ರ ಇಟ್ಟುಕೊಂಡು ದಿನಾ ಬದಲಿ ಮಾಡ್ರಿ.
ಪತ್ರಿ ದಿನಾ ಹರೀಬೇಕಂತಿಲ್ಲ. ಬಿಲ್ವಪತ್ರಿಗೆ ಹಳಸಿದ ದೋಷ ಇಲ್ಲಂತಾರ. ಒಂದು ಸಲ ತಂದು ಒರಸಿ, ತೆಳು ಅರಿವ್ಯಾಗ ಸುತ್ತಿ ಡಬ್ಬ್ಯಾಗ ಇಟ್ರ ವಾರ ನಡೀತದ.

ಹಿತ್ತಲಗಿಡ
ತುಳಸಿಗೂ ಅದೇ ಮಾತು. ಹೂವು ಬಾಡಿದರೆ ಬರಲ್ಲ, ತುಳಸಿ ಬಾಡಿದರೂ ಬರುತ್ತೆ. ಭಾನುವಾರ, ದ್ವಾದಶಿ, ಸೂರ್ಯ ಮುಳುಗಿದ ಮೇಲೆ ಕೊಯ್ಯೋ ಹಾಗಿಲ್ಲ (ಕೆಲವು ಮನೆಗಳಲ್ಲಿ ಮಂಗಳವಾರ, ಶುಕ್ರವಾರವೂ ಇಲ್ಲ), ಅದಕ್ಕೇ ಹಿಂದಿನ ದಿನ ಕೊಯ್ದಿಡೋದು.
ಮಾರುಕಟ್ಟೆ ಹೂವಿನ ಬಗ್ಗೆ: ನೀರು ಚಿಮುಕಿಸಿದ ಹೂವನ್ನ ಪ್ಲಾಸ್ಟಿಕ್ ಕವರ್ ಸಮೇತ ಫ್ರಿಜ್ಜಿಗೆ ಹಾಕಿದರೆ ಮರುದಿನಕ್ಕೇ ಕಪ್ಪು, ಲೋಳೆ. ನೀರು ಕೊಡವಿ, ಹತ್ತಿಬಟ್ಟೆ ಹಾಸಿದ ಸ್ಟೀಲ್ ಡಬ್ಬಿಯಲ್ಲಿ ಸಡಿಲವಾಗಿ ಹರಡಿ ಮುಚ್ಚಿ. ಸೇವಂತಿಗೆ ನಾಲ್ಕೈದು ದಿನ ತಾಳುತ್ತೆ. ಮಲ್ಲಿಗೆ ಮೊಗ್ಗು ಎರಡು ದಿನ. ಚೆಂಡುಹೂವಿನ ತೊಟ್ಟಲ್ಲಿ ನೀರು ನಿಂತರೆ ಒಳಗಿಂದ ಕೊಳೆಯುತ್ತೆ, ತಲೆಕೆಳಗು ಮಾಡಿಡಿ.
ಇನ್ನೊಂದು, ಕೇಳದಿದ್ದರೂ ಹೇಳ್ತೀನಿ: ಅಭಿಷೇಕದ ಹಾಲು, ಮೊಸರು, ಸಕ್ಕರೆ ನೀರನ್ನ ದಿನಾ ತುಳಸಿ ಕುಂಡಕ್ಕೆ ಸುರೀಬೇಡಿ. ಇರುವೆ ಬರುತ್ತೆ, ಬೂಷ್ಟು ಬರುತ್ತೆ, ಬೇರು ಕೊಳೆತು ಗಿಡ ಒಣಗುತ್ತೆ. ಆಮೇಲೆ ಮನೆಗೆ ಅಪಶಕುನ ಅಂತ ಗಾಬರಿ ಬೀಳ್ತೀರಿ. ಬರೀ ನೀರಿನ ಅಭಿಷೇಕದ ನೀರು ಹಾಕಬಹುದು, ಅದೂ ಮೇಲಿನ ಒಂದಿಂಚು ಮಣ್ಣು ಒಣಗಿದ್ದರೆ.

ಗಡಿಬಿಡಿಗೃಹಸ್ಥ
ನೈವೇದ್ಯದ ಗೋಳು ಯಾರೂ ಹೇಳಲಿಲ್ಲ. ಪೂಜೆ ಮುಗಿಯೋ ತನಕ ತಿಂಡಿ ಮುಟ್ಟೋ ಹಾಗಿಲ್ಲ, 6.40ರ ಬಸ್ಸು ಕಾಯಲ್ಲ.

ಹರಿವಾಣ
ನೈವೇದ್ಯಕ್ಕೂ ಡಬ್ಬಿಗೂ ಗಂಟು ಹಾಕಿರೋದೇ ತಪ್ಪು. ಒಲೆಯಿಂದ ಇಳಿಸಿದ ತಕ್ಷಣ, ಉಪ್ಪು ನೋಡೋ ಮೊದಲು, ಒಂದು ಬೆಳ್ಳಿ ಬಟ್ಟಲಿಗೋ ಬಾಳೆಲೆ ತುಂಡಿಗೋ ಎರಡು ಚಮಚ ತೆಗೆದು ಮುಚ್ಚಿಡಿ. ಉಳಿದದ್ದು ಡಬ್ಬಿಗೆ. ಬಸ್ಸಿಗೆ ಹೋಗೋರು ಒಂದು ಸಾಲು ಹೇಳಿ ಕೈಮುಗಿದು ಹೊರಡಲಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ತಿಂಡಿ ಇರೋ ದಿನ ಕಾಯಿಸಿದ ಹಾಲು ಸಕ್ಕರೆ, ಇಲ್ಲ ಬಾಳೆಹಣ್ಣು, ಇಲ್ಲ ಒಣದ್ರಾಕ್ಷಿ ಕಲ್ಲುಸಕ್ಕರೆ. ಒಣದ್ರಾಕ್ಷಿ, ಕಲ್ಲುಸಕ್ಕರೆ ದೇವರ ಮನೇಲೇ ಪುಟ್ಟ ಡಬ್ಬಿಯಲ್ಲಿರಲಿ, ಮುಚ್ಚಳ ಬಿಗಿಯಾಗಿರಲಿ, ಇಲ್ಲಾಂದ್ರೆ ಇರುವೆಗೆ ಮೊದಲ ನೈವೇದ್ಯ.

ಅಕ್ಷತೆಕಾಳು
ಹಾಗೇ ಅಕ್ಷತೆ. ದಿನಾ ಕಲಸಬೇಡಿ. ಮುರಿಯದ ಅಕ್ಕಿ ಅರ್ಧ ಲೋಟ, ಅರಿಶಿನ ಕಾಲು ಚಮಚ, ತುಪ್ಪ ನಾಲ್ಕು ಹನಿ, ಒಣಕೈಯಲ್ಲಿ ತಿಕ್ಕಿ ನೆರಳಲ್ಲಿ ಒಂದು ಗಂಟೆ ಹರಡಿ. ತಿಂಗಳು ಬರುತ್ತೆ. ನೀರಲ್ಲಿ ಕಲಸಿ ಒಣಗಿಸದೆ ಡಬ್ಬಿಗೆ ತುಂಬಿದ್ರೆ ವಾರದಲ್ಲಿ ಬೂಷ್ಟು. ತುಪ್ಪ ಜಾಸ್ತಿ ಆದ್ರೆ ಮುಗ್ಗಲು ವಾಸನೆ.

ಜಪಸರ53
ಇದು ಹಿಂದೂ ಮನೆಗಳ ಚರ್ಚೆ ಅಂತ ಗೊತ್ತು, ಆದರೂ ಸಂಜೆ ಪ್ರಾರ್ಥನೆ ನಿಂತುಹೋಗೋ ಕಾಯಿಲೆ ಎಲ್ಲಾ ಕಡೆ ಒಂದೇ. ಕ್ರೈಸ್ತ ಮನೆಗಳಲ್ಲಿ ಸಂಜೆ ಜಪಸರ, ಮಂಗಳೂರು ಕಡೆಯ ಕೊಂಕಣಿ ಮನೆಗಳಲ್ಲಿ ತೇರ್ಸ್ ಅಂತಾರೆ. ಹತ್ತತ್ತು ಪ್ರಾರ್ಥನೆಯ ಐದು ದಶಕ, ಶುರುವಿನ ಮೂರೂ ಸೇರಿ ಒಟ್ಟು 53 ನಮೋ ಮರಿಯಾ, ಅವಸರ ಮಾಡದೆ ಹೇಳಿದ್ರೆ 18-20 ನಿಮಿಷ. ಅದು ಮುರಿದುಬೀಳೋದು ರಾತ್ರಿ ಊಟ ಆದ ಮೇಲೆ ಇಟ್ಟುಕೊಂಡಾಗ. ಮಕ್ಕಳು ಮೂರನೇ ದಶಕಕ್ಕೇ ತೂಕಡಿಸ್ತಾರೆ. ಊಟಕ್ಕೆ ಮುಂಚೆ ಇಟ್ಟರೆ ಹಸಿವು ಎಲ್ಲರನ್ನೂ ಎಬ್ಬಿಸಿ ಕೂರಿಸುತ್ತೆ.
ಇನ್ನೊಂದು ಉಪಾಯ, ದಶಕ ಹಂಚೋದು. ಮೊದಲನೆಯದು ಚಿಕ್ಕ ಮಗು ನಡೆಸಲಿ, ಕೊನೆಯದು ಹಿರಿಯರು. ನಡೆಸೋರು ಅರ್ಧ ಹೇಳ್ತಾರೆ, ಉಳಿದವರು ಮಿಕ್ಕ ಅರ್ಧ. ಬಾಯಿಗೆ ಕೆಲಸ ಇದ್ದರೆ ಮೊಬೈಲ್ ಕೈಗೆ ಬರಲ್ಲ. ತೀರಾ ಆಗದ ದಿನ ಒಂದೇ ದಶಕ, 4 ನಿಮಿಷ. ಸೋಮವಾರ ಸಂತೋಷದ ರಹಸ್ಯ (ಯೇಸು, ಮರಿಯಳ ಬದುಕಿನ ಘಟನೆಗಳ ಧ್ಯಾನ), ಮಂಗಳವಾರ ದುಃಖದ, ಬುಧವಾರ ಮಹಿಮೆಯ, ಗುರುವಾರ ಬೆಳಕಿನ (ಇದು 2002ರಲ್ಲಿ ಸೇರಿದ್ದು), ಹೀಗೆ ದಿನಕ್ಕೊಂದು ಇರೋದರಿಂದ ಇವತ್ತು ಏನು ಹೇಳೋದು ಅನ್ನೋ ಚರ್ಚೆಯೇ ಇಲ್ಲ. ನಿಮ್ಮ ಭಜನೆಗೂ ವಾರದ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ ನೋಡಿ. "ಯಾವ ಹಾಡು ಹೇಳೋಣ" ಅಂತ ಶುರುವಾದರೆ ಅಲ್ಲೇ ಐದು ನಿಮಿಷ ಹೋಗುತ್ತೆ.

ಮಗ್ರಿಬ್ಹೊತ್ತು
ಒಳ್ಳೆ ಮಾತು. ನಮಾಜಿನ ಮನೆಗಳಲ್ಲೂ ಐದರಲ್ಲಿ ಎಲ್ಲರನ್ನೂ ಸೇರಿಸೋಕೆ ಸುಲಭವಾಗೋದು ಮಗ್ರಿಬ್, ಸೂರ್ಯ ಮುಳುಗಿದ ಮೇಲಿನ ನಮಾಜು. ಫಜ್ರಿಗೆ ಕೆಲವರು ನಿದ್ದೆಯಲ್ಲಿ, ಜುಹರ್, ಅಸರ್ ಕೆಲಸದ ಜಾಗದಲ್ಲಿ, ಇಶಾ ಹೊತ್ತಿಗೆ ಮಕ್ಕಳು ಮಲಗಿರ್ತಾರೆ. ಮಗ್ರಿಬ್ ಮೂರು ರಕಾತ್ (ನಮಾಜಿನ ಸುತ್ತು) ಫರ್ಜ್, ಅಂದ್ರೆ ಕಡ್ಡಾಯ, ಐದಾರು ನಿಮಿಷ. ಮಸೀದಿಗೆ ಹೋಗೋಕಾಗದ ದಿನ ಮನೇಲೇ ಜಮಾತ್ (ಒಟ್ಟಾಗಿ ನಮಾಜು) ಮಾಡಬಹುದು, ಇಬ್ಬರಿದ್ದರೂ ಸಾಕು. ಹೊತ್ತು ಚಿಕ್ಕದು, ಸೂರ್ಯ ಮುಳುಗಿದ ಮೇಲೆ ಸುಮಾರು ಒಂದೂಕಾಲು ಗಂಟೆ. ಹೊತ್ತು ಕಿರಿದಾಗಿರೋದೇ ಅನುಕೂಲ, "ಆಮೇಲೆ ಮಾಡೋಣ" ಅನ್ನೋಕೆ ಜಾಗ ಇಲ್ಲ.
ತೊಂದರೆ ಬರೋದು ವುಜೂ (ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯೋದು) ಹತ್ತಿರ. ಇರೋದು ಒಂದೇ ನಲ್ಲಿ, ಆರು ಜನ ಸಾಲು. ಅಜಾನ್‌ಗೆ ಹತ್ತು ನಿಮಿಷ ಮೊದಲೇ ಮಕ್ಕಳನ್ನ ಕಳಿಸಬೇಕು.

ಮೂರುಬಾಗಿಲು
ಇಬ್ಬರಿಗೂ ಧನ್ಯವಾದ, ಇದು ನಿಜಕ್ಕೂ ಉಪಯೋಗ. ಆದ್ರೆ ನಮ್ಮಲ್ಲಿ ಎಲ್ಲರೂ ಸೇರೋ ಹೊತ್ತಿಗೆ ರಾತ್ರಿ 7.45. ದೀಪ ಅಷ್ಟು ತಡ ಮಾಡಬಹುದಾ? ಹಿರಿಯರು ಒಪ್ಪಲ್ಲ.

ಸಾಣೆಕಲ್ಲು
ದೀಪ ಮತ್ತು ಭಜನೆಯನ್ನ ಬೇರೆ ಮಾಡಿ. ದೀಪಕ್ಕೆ ಗೋಧೂಳಿಯೇ ಸರಿ. ಬೆಂಗಳೂರಲ್ಲಿ ಸೂರ್ಯಾಸ್ತ ನವೆಂಬರಿನಲ್ಲಿ ಸುಮಾರು 5.50, ಜುಲೈನಲ್ಲಿ 6.50, ಒಂದು ಗಂಟೆ ಹೆಚ್ಚುಕಡಿಮೆ ಆಗುತ್ತೆ. ಹಾಗಾಗಿ ವರ್ಷಪೂರ್ತಿ 6.30 ಅಂತ ಅಲಾರಂ ಇಟ್ಟರೆ ಅರ್ಧ ವರ್ಷ ತಪ್ಪು. ಕ್ಯಾಲೆಂಡರಿನಲ್ಲಿ ಸೂರ್ಯಾಸ್ತ ಅಂತ ಹಾಕಿರ್ತಾರೆ, ನೋಡ್ಕೊಳ್ಳಿ. ಮನೇಲಿ ಹಿರಿಯರಿದ್ದಾರಲ್ಲ, ದೀಪ ಅವರ ಪಾಲು. ಕೂರೋಕಾಗಲ್ಲ ಅಂದ್ರೆ ದೇವರ ಪೀಠವನ್ನೇ ಎತ್ತರಿಸಿ: ನಿಂತು ಪೂಜೆ ಮಾಡೋರಿಗೆ ಪೀಠ ಎದೆಮಟ್ಟಕ್ಕೆ, ಕುರ್ಚಿಯಲ್ಲಿ ಕೂತು ಮಾಡೋರಿಗೆ ಎರಡೂಕಾಲು ಎರಡೂವರೆ ಅಡಿಗೆ ಬಂದರೆ ಕೈ ಸಲೀಸು. ಎಲ್ಲರೂ ಬಂದ ಮೇಲೆ 7.45ಕ್ಕೆ ಅದೇ ದೀಪಕ್ಕೆ ಎಣ್ಣೆ ಹಾಕಿ ಭಜನೆ.

ಗಡಿಬಿಡಿಗೃಹಸ್ಥ
ಮನೇಲಿ ಯಾರೂ ಇಲ್ಲದೋರು ಎಲ್‌ಇಡಿ ದೀಪ ಇಟ್ಕೊಳ್ಳಿ, ಟೈಮರ್ ಹಾಕಿದ್ರೆ ತಾನೇ ಹತ್ತುತ್ತೆ.

ಸಾಣೆಕಲ್ಲು
ಅದು ಅಲಂಕಾರ. ದೀಪ ಅಲ್ಲ.

ಅಕ್ಷತೆಕಾಳು
ಬೆಂಕಿ ಹಚ್ಚೋ ಹಾಗಿಲ್ಲದ ಹಾಸ್ಟೆಲ್ ರೂಮಿನಲ್ಲಿ, ಆಕ್ಸಿಜನ್ ಹಾಕಿಕೊಂಡಿರೋ ರೋಗಿ ಇರೋ ಮನೆಯಲ್ಲಿ ಏನ್ ಮಾಡ್ತೀರಿ? ಆಕ್ಸಿಜನ್ ಇರೋ ಕಡೆ ದೀಪ, ಕರ್ಪೂರ, ಊದುಬತ್ತಿ ಯಾವುದೂ ಕೂಡದು, ಇದರಲ್ಲಿ ವಾದವೇ ಇಲ್ಲ. ಅಲ್ಲಿ ಎಲ್‌ಇಡಿ ಇಟ್ಟು ಹೂವು ಹಾಕಿ ಕೈಮುಗಿದರೆ ದೇವರೇನು ಬಿಲ್ ಕೇಳ್ತಾನಾ?

ಸಾಣೆಕಲ್ಲು
ಅಂಥ ಕಡೆ ಸರಿ. ಮೂರು ಹೆಜ್ಜೆ ನಡೆದು ಕಡ್ಡಿ ಗೀರೋಕೆ ಬೇಜಾರು ಅನ್ನೋರ ಬಗ್ಗೆ ನಾನು ಹೇಳಿದ್ದು.

ನಿರ್ವಾಹಕರು
ಇಬ್ಬರೂ ಒಂದೇ ಕಡೆ ಬಂದಿದ್ದೀರಿ, ಮುಂದೆ ಹೋಗೋಣ. ವೈಯಕ್ತಿಕ ಟೀಕೆ ಇದ್ದ ಎರಡು ಉತ್ತರ ತೆಗೆದಿದ್ದೇವೆ.

ಬೂದಿಬುಟ್ಟಿ
ದೀಪದ ವಿಷಯ ಬಂತಲ್ಲ, ಒಂದು ಮುಖ್ಯ ಮಾತು. ಬೆಳಗ್ಗೆ ದೀಪ ಹಚ್ಚಿ, ಬಾಗಿಲು ಹಾಕಿ ಎಲ್ಲರೂ ಹೊರಡೋದು ಅಪಾಯ. ಮರದ ಮಂಟಪ, ರೇಷ್ಮೆ ವಸ್ತ್ರ, ಮೇಲೆ ತೂಗಾಡೋ ಪ್ಲಾಸ್ಟಿಕ್ ತೋರಣ, ಫ್ಯಾನ್ ಗಾಳಿ, ಇಷ್ಟು ಸಾಕು. ಎಣ್ಣೆಯನ್ನ ಅಳೆದು ಹಾಕಿ. ಸಣ್ಣ ಬತ್ತಿಗೆ ಒಂದು ಟೀ ಚಮಚ, ಅಂದ್ರೆ 5 ಮಿ.ಲೀ., ಹೆಚ್ಚುಕಡಿಮೆ ಒಂದು ಗಂಟೆ ಬರುತ್ತೆ, ಬತ್ತಿ ದಪ್ಪ ಇದ್ದರೆ ಬೇಗ ತೀರುತ್ತೆ. 8ಕ್ಕೆ ಹಚ್ಚಿ 9ಕ್ಕೆ ಹೊರಡೋರು ಅರ್ಧ ಚಮಚ ಹಾಕಿ. ಇನ್ನೂ ಉರೀತಿದ್ದರೆ ಬಾಯಲ್ಲಿ ಊದದೆ ಹೂವಿನಿಂದ ಬತ್ತಿಯನ್ನ ಎಣ್ಣೆಗೆ ಎಳೆದು ಶಾಂತ ಮಾಡಿ. ದೀಪದ ಕೆಳಗೆ ಅಗಲವಾದ ಹಿತ್ತಾಳೆ ತಟ್ಟೆ ಇರಲಿ, ಮೇಲೆ ಕಡೇ ಪಕ್ಷ ಎರಡು ಅಡಿ ಖಾಲಿ ಇರಲಿ. ನಂದಾದೀಪ ಇಡೋರು ಗಾಜಿನ ಬುರುಡೆ ಇಲ್ಲದೆ ಇಡಲೇಬೇಡಿ.
ಒಂದು ಊದುಬತ್ತಿ ಮುಕ್ಕಾಲು ಗಂಟೆ ತನಕ ಹೊಗೆ ಬಿಡುತ್ತೆ. ಪೂಜೆ 11 ನಿಮಿಷ. ಮೂರರಲ್ಲೊಂದು ಭಾಗಕ್ಕೆ ಮುರಿದು ಹಚ್ಚಿ, ಉಬ್ಬಸ ಇರೋರು ಇದ್ದರೆ ಕಿಟಕಿ ತೆಗೀರಿ.

ಒಗ್ಗರಣೆ
ಸಹಸ್ರನಾಮ ಮೊಬೈಲಲ್ಲಿ ಹಾಕಿ ದೋಸೆ ಹೊಯ್ಯೋರ ಬಗ್ಗೆ ವೇದಿಕೆಯ ಅಭಿಪ್ರಾಯ?

ಸಾಣೆಕಲ್ಲು
ಶ್ರವಣ. ನವವಿಧ ಭಕ್ತಿಯಲ್ಲಿ ಮೊದಲನೆಯದೇ ಅದು.

ಅಕ್ಷತೆಕಾಳು
ಮಿಕ್ಸಿ ಸದ್ದಲ್ಲಿ ಎಂಥಾ ಶ್ರವಣ?

ಹರಿವಾಣ
ಹಾಕಿ, ಬೇಡ ಅನ್ನಲ್ಲ, ಆದರೆ ಅದರಿಂದ ಬಾಯಿಪಾಠ ಆಗಲ್ಲ. ವಿಷ್ಣು ಸಹಸ್ರನಾಮದ ನಾಮಭಾಗ ಸುಮಾರು 108 ಶ್ಲೋಕ. ನಿಮಿಷಕ್ಕೆ ನಾಲ್ಕು ಶ್ಲೋಕ ಅಂದ್ರೆ 27 ನಿಮಿಷ. ದಿನಾ ಆಗದವರು ಏಳು ದಿನಕ್ಕೆ ಹಂಚಿ, ದಿನಕ್ಕೆ 15-16 ಶ್ಲೋಕ, ನಾಲ್ಕು ನಿಮಿಷ. ಸೋಮವಾರದ್ದು ಪ್ರತಿ ಸೋಮವಾರವೂ ಅದೇ ಬರೋದರಿಂದ ವರ್ಷಕ್ಕೆ 52 ಸಲ ಆಯ್ತು, ತಾನಾಗೇ ಬಾಯಿಗೆ ಬರುತ್ತೆ. ಮೊದಲಿಂದ ಶುರು ಮಾಡಿ ಅರ್ಧಕ್ಕೆ ನಿಲ್ಲಿಸೋರಿಗೆ ಮೊದಲ 30 ಶ್ಲೋಕ ಮಾತ್ರ ಬರುತ್ತೆ, ಎಲ್ಲಾ ಮನೆಯ ಕತೆ ಇದು.
ಚಿಕ್ಕ ಮಕ್ಕಳಿಗೆ ಮೂರು ಸಾಕು: ಏಳುವಾಗ "ಕರಾಗ್ರೇ ವಸತೇ", ದೀಪಕ್ಕೆ "ಶುಭಂ ಕರೋತಿ", ಊಟಕ್ಕೆ "ಬ್ರಹ್ಮಾರ್ಪಣಂ". ಕೂರಿಸಿ ಹೇಳಿಕೊಡಬೇಡಿ, ಆಯಾ ಕೆಲಸದ ಹೊತ್ತಿಗೆ ದೊಡ್ಡವರು ಗಟ್ಟಿಯಾಗಿ ಹೇಳಿ.

ಎರಡನೇಪಾಳಿ
ಊರಿಗೆ ಹೋದಾಗ? ವಾರ ಬೀಗ ಹಾಕಿದ್ರೆ ಸಾಲಿಗ್ರಾಮಕ್ಕೆ ಯಾರು ನೀರು ಹಾಕ್ತಾರೆ?

ಸಾಣೆಕಲ್ಲು
ಜೊತೆಗೆ ತಗೊಂಡು ಹೋಗೋದು ಹಳೇ ಕ್ರಮ. ದೇವರ ಪೆಟ್ಟಿಗೆ, ಮಾಧ್ವರ ಮನೆಗಳಲ್ಲಿ ಸಂಪುಷ್ಟ ಅಂತಾರೆ. ಒಳಗೆ ಮೆತ್ತನೆ ವಸ್ತ್ರ, ಪುಟ್ಟ ತಟ್ಟೆ, ಉದ್ಧರಣೆ, ಒಣಗಿದ ತುಳಸಿ ಒಂದು ಪೊಟ್ಟಣ, ಒಣದ್ರಾಕ್ಷಿ. ಎಲ್ಲಿ ಸ್ನಾನವೋ ಅಲ್ಲಿ ಐದು ನಿಮಿಷದ ಪೂಜೆ. ಅದಾಗದಿದ್ರೆ ನಿತ್ಯಪೂಜೆ ಇರೋ ಬಂಧುಗಳ ಮನೆಗೆ ಒಪ್ಪಿಸಿ ಹೋಗಿ.

ಮೂರುಬಾಗಿಲು
ನಿನ್ನೆ ರಾತ್ರಿ ಹಿರಿಯರ ಹತ್ತಿರ ಮಾತಾಡಿದ್ವಿ. 27 ಫೋಟೋದಲ್ಲಿ 9 ದೇವರ ಮನೇಲಿ, ಉಳಿದವು ಹಜಾರದ ಗೋಡೆಗೆ. ಸಂಜೆ ದೀಪ ಅಜ್ಜಿಯದ್ದು, ಪೀಠ ಎತ್ತರಿಸೋಕೆ ಬಡಗಿಗೆ ಹೇಳಿದೆ. ಮೂರು ಫೋಟೋ ಮಾತ್ರ ಪೂರ್ತಿ ಹಾಳಾಗಿವೆ, ಗಾಜಿನೊಳಗೆ ಕುಂಕುಮ ಇಳಿದು ಮುಖವೇ ಕಾಣಲ್ಲ. ಅಶ್ವತ್ಥಕಟ್ಟೆಗೆ ಇಟ್ಟು ಬರೋಣ ಅಂತಾರೆ.

ಹಿತ್ತಲಗಿಡ
ಅಯ್ಯೋ, ಬೇಡ. ಅಲ್ಲಿ ಗಾಜು ಒಡೆದು ಕಾಲಿಗೆ ಚುಚ್ಚೋದು, ಮಳೆಗೆ ಕೊಳೆಯೋದು, ನಾಯಿ ಓಡಾಡೋದು. ಕೆರೆಗೂ ಹಾಕಬೇಡಿ. ಚೌಕಟ್ಟು, ಗಾಜು ಬಿಚ್ಚಿ. ಅವು ಬೇರೆ ಫೋಟೋಗೆ ಬರುತ್ತವೆ. ಬರೀ ಕಾಗದದ ಚಿತ್ರಕ್ಕೆ ನಮಸ್ಕಾರ ಮಾಡಿ, ಬಕೆಟ್ ನೀರಲ್ಲಿ ಒಂದು ರಾತ್ರಿ ನೆನೆಹಾಕಿ, ಮುದ್ದೆಯಾದ ಮೇಲೆ ಗಿಡದ ಬುಡದಲ್ಲಿ ಮಣ್ಣು ಮುಚ್ಚಿ. ಮೇಲೆ ಪ್ಲಾಸ್ಟಿಕ್ ಪದರ ಇದ್ದರೆ ನೆನೆದಾಗ ಸುಲಿದು ಬರುತ್ತೆ, ಅದನ್ನ ಕಸಕ್ಕೆ ಬೇರೆ ಹಾಕಿ. ಹೊಸದಕ್ಕೆ ಕುಂಕುಮ ಇಳಿಯೋದು ಒದ್ದೆಬಟ್ಟೆಯಲ್ಲಿ ಒರೆಸೋದರಿಂದ. ಚೌಕಟ್ಟಿನ ಸಂದಿಯಲ್ಲಿ ನೀರು ಇಳಿಯುತ್ತೆ, ಜೊತೆಗೆ ಬಣ್ಣವೂ. ಹಿಂಡಿದ ಬಟ್ಟೆ, ಆಮೇಲೆ ಒಣಬಟ್ಟೆ.

ಗಡಿಬಿಡಿಗೃಹಸ್ಥ
ಹಿತ್ತಾಳೆ ದೀಪ ಎಷ್ಟು ತಿಕ್ಕಿದ್ರೂ ಎರಡೇ ದಿನಕ್ಕೆ ಹಸಿರು. ಯಾಕೆ?

ಬೂದಿಬುಟ್ಟಿ
ಎಣ್ಣೆ ನಿಂತ ಕಡೆ ಅದರ ಆಮ್ಲ ಹಿತ್ತಾಳೆಯ ತಾಮ್ರದ ಜೊತೆ ಸೇರಿ ಆ ಹಸಿರು ಪಾಚಿ ಥರದ್ದು ಬರುತ್ತೆ. ಮೊದಲು ಎಣ್ಣೆ ತೆಗೀಬೇಕು. ಹಳೇ ಬಟ್ಟೆಯಲ್ಲಿ ಒರೆಸಿ, ಕಡಲೆಹಿಟ್ಟು ಇಲ್ಲ ಸೀಗೆಪುಡಿ ಹಾಕಿ ಬಿಸಿನೀರಲ್ಲಿ ತೊಳೀರಿ. ಆಮೇಲೆ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಚಿಟಿಕೆ ಉಪ್ಪು, ಎರಡು ನಿಮಿಷ ತಿಕ್ಕಿ. ಜಿಡ್ಡಿನ ಮೇಲೇ ಹುಣಸೆ ತಿಕ್ಕಿದ್ರೆ ಹುಳಿ ಲೋಹ ಮುಟ್ಟೋದೇ ಇಲ್ಲ, ಕೈ ನೋಯುತ್ತೆ ಅಷ್ಟೇ. ಹುಳಿ ಪೂರ್ತಿ ಹೋಗೋ ಹಾಗೆ ತೊಳೆದು ಆಗಲೇ ಒಣಬಟ್ಟೆಯಲ್ಲಿ ಒರೆಸಿ. ನೀರು ತಾನೇ ಆರಲಿ ಅಂತ ಬಿಟ್ಟರೆ ಕಪ್ಪುಚುಕ್ಕೆ. ಬೆಳ್ಳಿಗೆ ಹುಣಸೆ ಬೇಡ, ವಿಭೂತಿ ಸಾಕು. ಹಳೇ ವಿಗ್ರಹದ ಮುಖಕ್ಕೆ ಯಾವುದನ್ನೂ ಒತ್ತಿ ತಿಕ್ಕಬೇಡಿ, ಕಣ್ಣುಮೂಗು ಸವೆದುಹೋಗುತ್ತೆ.

ಎರಡನೇಪಾಳಿ
ಹಾಗೇ ಇನ್ನೊಂದು ಡೌಟು. ದೀಪಕ್ಕೆ ತೂತಿಲ್ಲ, ಬಿರುಕಿಲ್ಲ, ಆದರೂ ಬೆಳಗ್ಗೆ ನೋಡಿದ್ರೆ ತಟ್ಟೆ ತುಂಬ ಎಣ್ಣೆ.

ಬೂದಿಬುಟ್ಟಿ
ಬತ್ತಿ ಉದ್ದ ಆಗಿದೆ. ತುದಿ ಮೂತಿಯಿಂದ ಹೊರಗೆ ಜೋತುಬಿದ್ದು ಒಳಗಿನ ಎಣ್ಣೆ ಮಟ್ಟಕ್ಕಿಂತ ಕೆಳಗೆ ಹೋದ್ರೆ, ದೀಪ ಶಾಂತವಾದ ಮೇಲೂ ಬತ್ತಿ ಎಣ್ಣೆ ಹೀರಿ ಹನಿಹನಿಯಾಗಿ ಹೊರಗೆ ಸುರೀತಾನೇ ಇರುತ್ತೆ. ಕಾಲು ಇಂಚಿಗಿಂತ ಹೆಚ್ಚು ಹೊರಗೆ ಬಿಡಬೇಡಿ, ಹೊಗೆನೂ ಕಮ್ಮಿ ಆಗುತ್ತೆ. ರಾತ್ರಿ ಬತ್ತಿಯನ್ನ ಒಳಗೆ ಎಳೆದಿಡಿ.

ಎರಡನೇಪಾಳಿ
ಹೌದು, ಜೋತುಬಿದ್ದಿದೆ. ಇಷ್ಟಕ್ಕೆ ಹೊಸ ದೀಪ ತರೋದ್ರಲ್ಲಿದ್ದೆ.